ಮುಯ್ಯಿ ಪುಸ್ತಕ ಇಲ್ಲದ ಮದುವೆ

ಪಟ್ನಾದಲ್ಲಿ ಒಂದು ಪಕ್ಷದ ಕಚೇರಿ. 2019ರ ಏಪ್ರಿಲ್ 3. ಲೋಕಸಭೆ ಚುನಾವಣೆಯ ಕಾವು ಏರಿದ್ದ ಹೊತ್ತು. ಯಾರೋ ಬಂದರು, ಮುಚ್ಚಿದ ಲಕೋಟೆ ಕೊಟ್ಟರು, ಹೋದರು. ಒಡೆದು ನೋಡಿದರೆ ತಲಾ ಒಂದು ಕೋಟಿಯ ಹತ್ತು ಚುನಾವಣಾ ಬಾಂಡ್, ಅಂದರೆ ಪಕ್ಷಗಳಿಗೆ ಹೆಸರಿಲ್ಲದೆ ದೇಣಿಗೆ ಕೊಡೋಕೆ ಆಗ ಬ್ಯಾಂಕಲ್ಲಿ ಸಿಗುತ್ತಿದ್ದ ಪತ್ರ. ಕೊಟ್ಟವರು ಯಾರು? ಗೊತ್ತಿಲ್ಲ. ವಿಚಾರಿಸಿದಿರಾ? ಇಲ್ಲ, ತಿಳಿದುಕೊಳ್ಳೋ ಪ್ರಯತ್ನವನ್ನೂ ಮಾಡಲಿಲ್ಲ.

ಇದು ನಾನು ಕಟ್ಟಿದ ಕಥೆ ಅಲ್ಲ. ಜೆಡಿಯು ಪಕ್ಷ ಚುನಾವಣಾ ಆಯೋಗಕ್ಕೆ ಬರೆದುಕೊಟ್ಟ ಉತ್ತರದ ಸಾರಾಂಶ. ಸಮಾಜವಾದಿ ಪಕ್ಷದ್ದು ಇನ್ನೂ ಸಲೀಸು. ಅವರಿಗೆ ಹತ್ತು ಕೋಟಿ ಅಂಚೆಯಲ್ಲೇ ಬಂತಂತೆ, ಹೆಸರಿಲ್ಲದೆ. ನಮ್ಮ ಬೀದಿಗೆ ಬರೋ ಅಂಚೆಯಣ್ಣ ಬ್ಯಾಂಕಿನ ನೋಟಿಸ್ ಕೊಡೋಕೂ ಸಹಿ ಮಾಡಿಸಿಕೊಂಡು ಹೋಗ್ತಾನೆ.

ದಾವಣಗೆರೆಯಲ್ಲಿ ಇಂಥದ್ದು ನಡೆಯೋದಿಲ್ಲ. ಅನುಮಾನ ಇದ್ದರೆ ಯಾವುದಾದರೂ ಮದುವೆಗೆ ಹೋಗಿ ನೋಡಿ. ಕಲ್ಯಾಣ ಮಂಟಪದಲ್ಲಿ ಊಟದ ಹಾಲ್‌ಗೆ ತಿರುಗೋ ಜಾಗದಲ್ಲೇ ಒಂದು ಮೇಜು ಹಾಕಿರ್ತಾರೆ. ಮುಯ್ಯಿ ಮಾಡದೆ ಯಾರೂ ಎಲೆ ಮುಂದೆ ಕೂರಬಾರದು ಅನ್ನೋದು ಆ ಮೇಜಿನ ಲೆಕ್ಕಾಚಾರ. ಹಿಂದೆ ಒಬ್ಬ ಅಜ್ಜ. ಒಂದು ಕಾಲಕ್ಕೆ ಹತ್ತಿ ಗಿರಣಿಯಲ್ಲಿ ಲೆಕ್ಕ ಬರೆದವರು. ಗಿರಣಿ ಮುಚ್ಚಿತು, ಕೈಬರಹ ಉಳಿಯಿತು. ಮುಂದೆ ಉದ್ದನೆ ಪುಸ್ತಕ, ನಾಲ್ಕು ಮೂಲೆಗೂ ಅರಿಶಿನ. ಪಕ್ಕದಲ್ಲಿ ಮನೆಯ ಹುಡುಗನೊಬ್ಬ ಕವರ್ ಒಡೆದು ಎಣಿಸಿ ಹೇಳ್ತಾನೆ, ಅಜ್ಜ ಬರೀತಾರೆ. ಹೆಸರು, ಊರು, ಮೊತ್ತ. ಹರಿಹರದಿಂದ ಒಂದೇ ಹೆಸರಿನವರು ಇಬ್ಬರು ಬಂದಿದ್ದರೆ ಒಬ್ಬರ ಮುಂದೆ ‘ಕಿರಾಣಿ’, ಇನ್ನೊಬ್ಬರ ಮುಂದೆ ‘ಟ್ರ್ಯಾಕ್ಟರ್’ ಅಂತ ಸೇರಿಸ್ತಾರೆ. ಗೊಂದಲಕ್ಕೆ ಜಾಗವೇ ಇಲ್ಲ.

ಹೆಸರಿಲ್ಲದ ಕವರ್ ಬಂತೋ, ಅಜ್ಜನ ಪೆನ್ನು ನಿಂತಿತು ಅಂತಲೇ ಲೆಕ್ಕ. ‘ನೂರಾ ಒಂದು ಐತಿ, ಹೆಸರಿಲ್ಲ. ಯಾರದು ಕೇಳ್ರಿ’ ಅಂತ ಮೈಕಿನವನಿಗೆ ಹೇಳಿ ಕಳಿಸ್ತಾರೆ. ವಾಲಗ ನಿಲ್ಲಿಸಿ ಮೈಕಲ್ಲಿ ಕೂಗ್ತಾರೆ. ಪಂಕ್ತಿಯಿಂದ ಯಾರೋ ಎಂಜಲು ಕೈಯಲ್ಲೇ ಎದ್ದು ಬಂದು ‘ನಂದ್ರಿ ಅದು, ಗಡಿಬಿಡಿಯಲ್ಲಿ ಮರೆತೆ’ ಅಂತ ಒಪ್ಪಿಕೊಳ್ತಾರೆ. ನೂರಾ ಒಂದು ರೂಪಾಯಿಗೆ ಇಷ್ಟು ತನಿಖೆ!

ಯಾಕೆ ಅಂದರೆ, ಮುಯ್ಯಿ ಅನ್ನೋದು ವಾಪಸ್ ಹೋಗಬೇಕಾದ ದುಡ್ಡು. ನಾಳೆ ಅವರ ಮನೆಯಲ್ಲಿ ಮದುವೆ ಆದರೆ ಹಿಂದಿನ ರಾತ್ರಿ ಪುಸ್ತಕ ತೆಗೆದು, ಅವರು ಎಷ್ಟು ಮಾಡಿದ್ದರು ಅಂತ ನೋಡಿ, ಅದರ ಮೇಲೊಂದಿಷ್ಟು ಸೇರಿಸಿ ಮಾಡಬೇಕು. ಬರೆದಿಡದೆ ತೀರಿಸೋದು ಹೇಗೆ?

ಅದನ್ನೇ ನಮ್ಮ ಪಕ್ಷಗಳು ಮಾಡಿ ತೋರಿಸಿವೆ. ಕೊಟ್ಟವರು ಯಾರು ಅಂತ ಗೊತ್ತಿಲ್ಲ ಅಂತಾರೆ. ತೀರಿಸುವಾಗ ಮಾತ್ರ ವಿಳಾಸ ತಪ್ಪೋದೇ ಇಲ್ಲ.

ಜಯದೇವ ಸರ್ಕಲ್ ಕಡೆ ಬೆಣ್ಣೆ ದೋಸೆ ತಿನ್ನುವಾಗ ಆಗಾಗ ಸಿಗೋ ಒಬ್ಬ ಮುಖಂಡರಿದ್ದಾರೆ. ಪಕ್ಷ ಯಾವುದು ಅಂತ ಕೇಳಬೇಡಿ, ನಾನು ಕೇಳಿದ ವರ್ಷಕ್ಕೂ ನೀವು ಓದುವ ವರ್ಷಕ್ಕೂ ಬದಲಾಗಿರಬಹುದು. ‘ಕಾನೂನು ಏನು ಹೇಳುತ್ತೆ ಸ್ವಲ್ಪ ಬಿಡಿಸಿ ಹೇಳ್ರಿ’ ಅಂದೆ.

‘ಭಾಳ ಸರಳ ಐತ್ರಿ’ ಅಂದರು. ‘ಒಬ್ಬ ಮನುಷ್ಯ ವರ್ಷಕ್ಕೆ ಇಪ್ಪತ್ತು ಸಾವಿರಕ್ಕಿಂತ ಜಾಸ್ತಿ ಕೊಟ್ಟರೆ ಅವನ ಹೆಸರು ಆಯೋಗಕ್ಕೆ ಕೊಡಬೇಕು. ಇಪ್ಪತ್ತು ಸಾವಿರದವರೆಗೆ ಆದರೆ ಕೊಡೋದು ಬ್ಯಾಡ.’

‘ಅಂದರೆ ಸರಿಯಾಗಿ ಇಪ್ಪತ್ತು ಸಾವಿರ ಕೊಟ್ಟರೆ?’

‘ಅವನು ಯಾರೋ ನಮಗೆ ಗೊತ್ತಿಲ್ಲ.’

‘ಇಪ್ಪತ್ತು ಸಾವಿರದ ಒಂದು ಕೊಟ್ಟರೆ?’

‘ಅವನ ಮನೆ, ಮಠ, ಪ್ಯಾನ್ ನಂಬರ್ ಎಲ್ಲಾ ಗೊತ್ತು.’

ಒಂದು ರೂಪಾಯಿಯಲ್ಲಿ ಇಷ್ಟೊಂದು ಜ್ಞಾನ ಅಡಗಿದೆ ಅಂತ ನನಗೆ ಗೊತ್ತಿರಲಿಲ್ಲ. ನಮ್ಮ ಕಡೆಯವರಂತೂ ಈ ಕಾನೂನಿಗೆ ಸಿಕ್ಕಿಬೀಳೋದು ಗ್ಯಾರಂಟಿ. ಶಾಸ್ತ್ರಕ್ಕೆ ಒಂದು ರೂಪಾಯಿ ಸೇರಿಸದೆ ನಾವು ಯಾರಿಗೂ ದುಡ್ಡು ಕೊಟ್ಟವರಲ್ಲ.

ನಗದಿಗೆ ಬೇರೆ ಮಿತಿ. 2017ರಲ್ಲಿ ಅದನ್ನು 2,000 ರೂಪಾಯಿ ಅಂತ ಗೊತ್ತು ಮಾಡಿದರು. ಕಪ್ಪುಹಣಕ್ಕೆ ಕೊನೆ ಮೊಳೆ ಅಂತ ಭಾಷಣ ಆಯಿತು. ಹೆಸರು ಹೇಳೋ ಮಿತಿ ಮಾತ್ರ ಇಪ್ಪತ್ತು ಸಾವಿರದಲ್ಲೇ ಆರಾಮಾಗಿ ಕೂತಿತು. ಈಗ ಒಂದು ಕೋಟಿ ನಗದು ಬಂತು ಅಂತಿಟ್ಟುಕೊಳ್ಳಿ. ಪುಸ್ತಕದಲ್ಲಿ ಐದು ಸಾವಿರ ಜನ ಬಂದು ತಲಾ ಎರಡು ಸಾವಿರ ಕೊಟ್ಟರು ಅಂತ ತೋರಿಸಬೇಕು. ನಮ್ಮ ಹೈಸ್ಕೂಲ್ ಮೈದಾನದಲ್ಲಿ ಐದು ಸಾವಿರ ಜನ ಸಾಲಾಗಿ ನಿಂತು, ಒಬ್ಬರೂ ಹೆಸರು ಹೇಳದೆ, ಒಬ್ಬರೂ ರಸೀದಿ ಕೇಳದೆ, ಒಬ್ಬರೂ ಸೆಲ್ಫಿ ತೆಗೆಸಿಕೊಳ್ಳದೆ ದುಡ್ಡು ಕೊಟ್ಟು ಮನೆಗೆ ಹೋಗೋದನ್ನ ಊಹಿಸಿ. ಮಂಡಕ್ಕಿ ಮಿರ್ಚಿ ಗಾಡಿಯವನಾದರೂ ನೋಡಿರಬೇಕಲ್ವಾ?

ಬಿಎಸ್‌ಪಿ ಇದನ್ನೂ ಮೀರಿಸಿತು. ಉತ್ತರ ಪ್ರದೇಶವನ್ನೇ ಆಳಿದ ಪಕ್ಷ. ಇಪ್ಪತ್ತು ಸಾವಿರ ದಾಟಿ ಕೊಟ್ಟವರು ಎಷ್ಟು ಜನ ಅಂದರೆ, ವರ್ಷಗಟ್ಟಲೆ ಅದರದ್ದು ಒಂದೇ ಉತ್ತರ: ಯಾರೂ ಇಲ್ಲ. ಉಳಿದ ಪಕ್ಷಗಳು ಪಟ್ಟಿಯನ್ನೇನೋ ಕೊಡ್ತವೆ. ಅದರಲ್ಲಿ ಪ್ಯಾನ್ ನಂಬರ್ ಇಲ್ಲದ ಸಾಲು, ವಿಳಾಸ ಇಲ್ಲದ ಸಾಲುಗಳನ್ನು ಪಕ್ಷಗಳ ಲೆಕ್ಕ ಜಾಲಾಡೋ ಎಡಿಆರ್ ಸಂಸ್ಥೆ ಹುಡುಕಿ ತೋರಿಸುತ್ತಲೇ ಇದೆ. ಪಟ್ಟಿ ಕೊಡದಿದ್ದರೆ ಶಿಕ್ಷೆ ಏನು ಅಂದರೆ, ತೆರಿಗೆ ವಿನಾಯಿತಿ ಹೋಗುತ್ತೆ, ಅಷ್ಟೇ. ಆ ‘ಟ್ರ್ಯಾಕ್ಟರ್’ ಅಂತ ಬರೆಯೋ ಅಜ್ಜನ ಕೈಗೆ ಆ ಪಟ್ಟಿ ಸಿಕ್ಕಿದ್ದರೆ ಪುಸ್ತಕ ಮುಚ್ಚಿ ಎದ್ದು ಹೋಗ್ತಿದ್ದರು.

ಇದೇ ದೇಶದಲ್ಲಿ, ಇದೇ ಚುನಾವಣೆ ಹೊತ್ತಲ್ಲಿ, ಚನ್ನಗಿರಿಯ ರೈತ ಅಡಿಕೆ ಮಾರಿ ಊರಿಗೆ ಹೊರಟಿದ್ದಾನೆ ಅಂತಿಟ್ಟುಕೊಳ್ಳಿ. ಜೇಬಲ್ಲಿ ಐವತ್ತು ಸಾವಿರದ ಮೇಲೆ ದುಡ್ಡಿದೆ. ಚೆಕ್‌ಪೋಸ್ಟ್‌ನಲ್ಲಿ ಗಾಡಿ ನಿಲ್ಲಿಸ್ತಾರೆ. ಎಲ್ಲಿಂದ ಬಂತು, ಯಾರು ಕೊಟ್ಟರು, ಚೀಟಿ ಎಲ್ಲಿ? ಆತ ಮಂಡಿಯ ಚೀಟಿ ತೋರಿಸಬೇಕು, ಇಲ್ಲದಿದ್ದರೆ ದುಡ್ಡು ಅಲ್ಲೇ ಜಪ್ತಿ. ಆಮೇಲೆ ಮೂರು ಕಚೇರಿ ಅಲೆದು ಬಿಡಿಸಿಕೊಳ್ಳಬೇಕು. ‘ಯಾರೋ ಲಕೋಟೆಯಲ್ಲಿ ಕೊಟ್ಟು ಹೋದರು ಸಾಹೇಬ್ರೆ, ನಾನು ಕೇಳಲಿಲ್ಲ’ ಅಂತ ಆತ ಪಟ್ನಾದ ಉತ್ತರ ಹೇಳಿ ನೋಡಲಿ. ಅವತ್ತು ರಾತ್ರಿ ಊಟ ಠಾಣೆಯಲ್ಲೇ.

ಇನ್ನು ಬಾಂಡ್ ವಿಷಯ. 2018ರಲ್ಲಿ ಬಂತು. ಎಸ್‌ಬಿಐಗೆ ಹೋಗಿ ಸಾವಿರದಿಂದ ಕೋಟಿವರೆಗೆ ಯಾವ ಮುಖಬೆಲೆಯದ್ದು ಬೇಕೋ ಕೊಳ್ಳಿ, ಇಷ್ಟದ ಪಕ್ಷಕ್ಕೆ ಕೊಡಿ, ಅವರು ಹದಿನೈದು ದಿನದೊಳಗೆ ನಗದು ಮಾಡಿಕೊಳ್ಳಲಿ. ಮೇಲೆ ಹೆಸರಿಲ್ಲ. ಇದಕ್ಕೆ ‘ಪಾರದರ್ಶಕತೆ’ ಅಂತ ಕರೆದರು. ಕರಿ ಕನ್ನಡಕ ಹಾಕಿಸಿ ‘ಈಗ ಚೆನ್ನಾಗಿ ಕಾಣುತ್ತಾ?’ ಅಂತ ಕೇಳಿದ ಹಾಗಿತ್ತು. ಒಬ್ಬ ಪತ್ರಕರ್ತೆ ಸಾವಿರ ರೂಪಾಯಿಯ ಎರಡು ಬಾಂಡ್ ಕೊಂಡು ಪ್ರಯೋಗಾಲಯಕ್ಕೆ ಕಳಿಸಿದರು. ನೇರಳಾತೀತ ಬೆಳಕಿನಲ್ಲಿ ಹಿಡಿದರೆ ಗುಟ್ಟಿನ ನಂಬರ್ ಕಾಣಿಸಿತು. ಮುಯ್ಯಿ ಪುಸ್ತಕ ಇಲ್ಲ ಅಂದವರ ಮನೆಯಲ್ಲಿ ಪುಸ್ತಕ ಇತ್ತು ಅನ್ನಿ. ನಮಗೆ ಕಾಣದ ಶಾಯಿಯಲ್ಲಿ ಬರೆದಿದ್ದರು.

ಅದಕ್ಕೂ ಮೊದಲೇ ಕಂಪನಿಗಳಿಗೂ ಬಾಗಿಲು ತೆಗೆದಿದ್ದರು. ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ನೂರಕ್ಕೆ ಏಳೂವರೆಗಿಂತ ಜಾಸ್ತಿ ಕೊಡಬಾರದು ಅಂತ ಮೊದಲು ಇತ್ತು. 2017ರಲ್ಲಿ ಆ ಮಿತಿ ಹೋಯಿತು. ಅಂದರೆ ನಷ್ಟದಲ್ಲಿರೋ ಕಂಪನಿಯೂ ಕೋಟಿಗಟ್ಟಲೆ ಕೊಡಬಹುದಿತ್ತು. ನಮ್ಮೂರಲ್ಲಿ ನಷ್ಟಕ್ಕೆ ಬಿದ್ದವರು ಮದುವೆಗೆ ಬರೋದನ್ನೇ ತಪ್ಪಿಸ್ತಾರೆ. ಇಲ್ಲಿ ಮನೆ ಮುಳುಗಿದವನೇ ಎಲ್ಲರಿಗಿಂತ ದೊಡ್ಡ ಮುಯ್ಯಿ ಮಾಡಬಹುದಿತ್ತು. ಲಾಭವೇ ಇಲ್ಲದವನು ಇಷ್ಟು ಧಾರಾಳ ಆಗೋದು ಯಾವಾಗ ಅಂತ ಯಾವ ಬೀಗರನ್ನಾದರೂ ಕೇಳಿ.

ಬಾಂಡ್‌ಗಳ ಒಟ್ಟು ಮಾರಾಟ 16,518 ಕೋಟಿ. ಇದೆಲ್ಲ ಯಾರು ಯಾರಿಗೆ ಕೊಟ್ಟರು ಅಂತ ತಿಳಿಯೋ ಹಕ್ಕು ಜನರಿಗಿಲ್ಲ ಅಂತ ಸರ್ಕಾರ ಕೋರ್ಟಿನಲ್ಲಿ ವಾದ ಮಾಡಿತು. 2024ರ ಫೆಬ್ರವರಿ 15ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳು ಬಾಂಡ್ ಯೋಜನೆಯನ್ನೇ ರದ್ದು ಮಾಡಿದರು, ಕಂಪನಿಗಳ ಮಿತಿ ತೆಗೆದದ್ದೂ ತಪ್ಪು ಅಂದರು. ಲೆಕ್ಕ ಕೊಡಿ ಅಂತ ಎಸ್‌ಬಿಐಗೆ ಹೇಳಿದರು. ಆಗ ನಡೆದದ್ದು ನೋಡಿ. ದೇಶದ ಅತಿ ದೊಡ್ಡ ಬ್ಯಾಂಕು ಜೂನ್ 30ರವರೆಗೆ ಟೈಮ್ ಬೇಕು ಅಂತ ಅರ್ಜಿ ಹಾಕಿತು. ಅಷ್ಟೊತ್ತಿಗೆ ಲೋಕಸಭೆ ಚುನಾವಣೆ ಮುಗಿದು, ಫಲಿತಾಂಶವೂ ಬಂದಿರುತ್ತಿತ್ತು. ಮಾರ್ಚ್ 11ಕ್ಕೆ ಕೋರ್ಟು ಆಗಲ್ಲ, ನಾಳೆಯೇ ಕೊಡಿ ಅಂದಿತು. ಮರುದಿನ ಕೊಟ್ಟರು! ಮೂರೂವರೆ ತಿಂಗಳ ಕೆಲಸ ಒಂದು ದಿನಕ್ಕೆ ಮುಗಿಯಿತು. ನಮ್ಮ ಇ-ಸ್ವತ್ತು ಅರ್ಜಿಗಳಿಗೂ ಯಾರಾದರೂ ನ್ಯಾಯಮೂರ್ತಿಗಳು ಹೀಗೆ ಸ್ವಲ್ಪ ದನಿ ಏರಿಸಿದರೆ ಪುಣ್ಯ ಬರುತ್ತೆ.

ಕೊಟ್ಟ ಪಟ್ಟಿಯೂ ಎರಡು ಹೋಳು. ಒಂದರಲ್ಲಿ ಕೊಂಡವರು, ಇನ್ನೊಂದರಲ್ಲಿ ಪಡೆದವರು. ಯಾರದ್ದು ಯಾರಿಗೆ ಅಂತ ಜೋಡಿಸೋ ನಂಬರ್ ಇಲ್ಲ. ಅದಕ್ಕೂ ಕೋರ್ಟು ಇನ್ನೊಂದು ಸಲ ಗದರಬೇಕಾಯಿತು. ನಂಬರ್ ಬಂದ ಮೇಲೆ ಪತ್ರಿಕೆಗಳು ಬಾಂಡ್ ಕೊಂಡ ದಿನಾಂಕ, ಕೊಂಡ ಕಂಪನಿ ಮೇಲೆ ದಾಳಿ ಆದ ದಿನಾಂಕ, ಟೆಂಡರ್ ಸಿಕ್ಕ ದಿನಾಂಕಗಳನ್ನು ಪಕ್ಕಪಕ್ಕ ಇಟ್ಟು ನೋಡಿದವು. ಮುಯ್ಯಿಗೆ ಮುಯ್ಯಿ ಹೇಗೆ ತೀರುತ್ತೆ ಅಂತ ಓದುಗರಿಗೆ ಯಾರೂ ಪಾಠ ಹೇಳಬೇಕಾಗಲಿಲ್ಲ.

ಬಾಂಡ್ ಹೋಯಿತು, ದೋಸೆ ಹೋಟೆಲಿನ ಮುಖಂಡರ ಮುಖದಲ್ಲಿ ಚಿಂತೆ ಕಾಣಲಿಲ್ಲ. ‘ಟ್ರಸ್ಟ್ ಐತಲ್ರಿ’ ಅಂದರು. ಎಲೆಕ್ಟೋರಲ್ ಟ್ರಸ್ಟ್ ಅಂತ 2013ರಿಂದಲೇ ಇದೆ. ಹತ್ತಾರು ಕಂಪನಿಗಳು ಅದಕ್ಕೆ ದುಡ್ಡು ಹಾಕ್ತವೆ. ಅದು ಬಂದದ್ದರಲ್ಲಿ ನೂರಕ್ಕೆ ತೊಂಬತ್ತೈದು ಭಾಗ ಪಕ್ಷಗಳಿಗೆ ಹಂಚುತ್ತೆ. ಹಾಕಿದವರ ಪಟ್ಟಿ ಇದೆ, ಪಡೆದವರ ಪಟ್ಟಿ ಇದೆ. ಯಾರ ದುಡ್ಡು ಯಾರ ಎಲೆಗೆ ಬಿತ್ತು ಅಂತ ಕೇಳಿದರೆ, ಎಲ್ಲಾ ಒಂದೇ ಪಾತ್ರೆಯಲ್ಲಿ ಬೆಂದಿದೆ ಸ್ವಾಮಿ ಅಂತಾರೆ.

ಇನ್ನು ಚಿಲ್ಲರೆ ಪಕ್ಷಗಳು. ಚುನಾವಣೆಗೆ ನಿಲ್ಲಲ್ಲ, ಬೋರ್ಡೂ ಇರಲ್ಲ, ನೋಂದಣಿ ಮಾತ್ರ ಇರುತ್ತೆ. ಇಂಥವಕ್ಕೆ ಚೆಕ್ಕಿನಲ್ಲಿ ದೇಣಿಗೆ ಕೊಟ್ಟು, ಕಮಿಷನ್ ಮುರಿದುಕೊಂಡು ನಗದು ವಾಪಸ್ ಪಡೆದು, ತೆರಿಗೆಯಲ್ಲಿ ಪೂರಾ ವಿನಾಯಿತಿ ತೋರಿಸಿದವರ ಹಿಂದೆ ಆದಾಯ ತೆರಿಗೆ ಇಲಾಖೆ 2022ರಲ್ಲೇ ಬಿದ್ದಿತ್ತು. ಸಂಜೆಯೊಳಗೆ ತೀರೋ ಮುಯ್ಯಿ ಇದೊಂದೇ ಇರಬೇಕು. 2025ರಲ್ಲಿ ಆಯೋಗ ಮೊದಲು 334, ಆಮೇಲೆ 474 ಪಕ್ಷಗಳ ಹೆಸರು ಪಟ್ಟಿಯಿಂದ ಹೊಡೆದು ಹಾಕಿತು. ಎಂಟುನೂರು ಪಕ್ಷ ಹೋದರೂ ಒಬ್ಬ ಕಾರ್ಯಕರ್ತನೂ ಬೀದಿಯಲ್ಲಿ ಟೈರ್ ಸುಡಲಿಲ್ಲ.

ದೊಡ್ಡ ಪಕ್ಷಗಳು ಜಗಳ ಬಿಟ್ಟು ಒಂದಾಗೋದು ಯಾವಾಗ ಅಂತ ಕೇಳುವವರಿಗೆ ಎರಡು ದಿನಾಂಕ ಹೇಳ್ತೀನಿ. 2013ರ ಜೂನ್ 3ರಂದು ಕೇಂದ್ರ ಮಾಹಿತಿ ಆಯೋಗ ಆರು ರಾಷ್ಟ್ರೀಯ ಪಕ್ಷಗಳು ಮಾಹಿತಿ ಹಕ್ಕಿನ ಕೆಳಗೆ ಬರ್ತವೆ ಅಂದಿತು. ಆರರಲ್ಲಿ ಒಂದೂ ಅದನ್ನು ಪಾಲಿಸಲಿಲ್ಲ. 2014ರಲ್ಲಿ ದೆಹಲಿ ಹೈಕೋರ್ಟು ಬಿಜೆಪಿ, ಕಾಂಗ್ರೆಸ್ ಎರಡೂ ವಿದೇಶಿ ಮೂಲದ ದೇಣಿಗೆ ಪಡೆದು ಕಾನೂನು ಮುರಿದಿವೆ ಅಂದಿತು. ಆಗ ಏನು ಮಾಡಿದರು? ಕಾನೂನನ್ನೇ ತಿದ್ದಿದರು. 2018ರ ಬಜೆಟ್ ಜೊತೆಗೆ, ಚರ್ಚೆ ಇಲ್ಲದೆ, 1976ರ ಆಗಸ್ಟ್ 5ರಿಂದಲೇ ಅನ್ವಯ ಅಂತ. ನಲವತ್ತೊಂದು ವರ್ಷ ಹಿಂದಕ್ಕೆ ಹೋಗಿ ತಪ್ಪನ್ನು ಸರಿ ಮಾಡಿ ಬಂದರು. ಟ್ರಾಫಿಕ್ ದಂಡಕ್ಕೂ ಇಂಥ ಸೌಲಭ್ಯ ಇದ್ದಿದ್ದರೆ ನಮ್ಮ ಹುಡುಗರು ಅಶೋಕ ರಸ್ತೆಯಲ್ಲಿ ಹೆಲ್ಮೆಟ್ ಮುಟ್ತಿರಲಿಲ್ಲ.

ಮೊನ್ನೆ ಮನೆ ಬಾಗಿಲಿಗೆ ಇಬ್ಬರು ಹುಡುಗರು ಬಂದರು. ಕೊರಳಲ್ಲಿ ಪಕ್ಷದ ಶಾಲು, ಕೈಯಲ್ಲಿ ಮೊಬೈಲು. ಸದಸ್ಯತ್ವ ಅಭಿಯಾನವಂತೆ. ‘ಸುಮ್ನೆ ಹೆಸರು ಬರ್ಕೊಳ್ರಿ’ ಅಂದೆ. ಹಾಗೆಲ್ಲ ಆಗಲ್ಲ ಅಂದರು. ಪೂರ್ತಿ ಹೆಸರು, ತಂದೆ ಹೆಸರು, ಹುಟ್ಟಿದ ದಿನಾಂಕ, ವೋಟರ್ ಐಡಿ ನಂಬರ್. ಆಮೇಲೆ ಗೋಡೆ ಹತ್ತಿರ ನಿಲ್ಲಿಸಿ ಫೋಟೋ. ಆಮೇಲೆ ನನ್ನ ಮೊಬೈಲಿಗೆ ಓಟಿಪಿ. ಅದು ಬರಲಿಲ್ಲ. ಒಬ್ಬ ಇನ್ನೊಂದು ಸಲ ಒತ್ತಿದ. ಬಿಸಿಲಲ್ಲಿ ಮೂವರೂ ಮೊಬೈಲ್ ನೋಡ್ತಾ ನಿಂತೆವು.

‘ಅಲ್ಲಪ್ಪಾ, ನಿಮ್ಮ ಪಕ್ಷಕ್ಕೆ ಕೋಟಿಗಟ್ಟಲೆ ಕೊಡ್ತಾರಲ್ಲ, ಅವರಿಗೂ ಓಟಿಪಿ ಬರುತ್ತಾ?’ ಅಂತ ಕೇಳಿದೆ.

ಹುಡುಗ ತಲೆ ಎತ್ತದೆ ಹೇಳಿದ: ‘ಅವರ ನೆಟ್‌ವರ್ಕೇ ಬೇರೆ ಐತಿ ಸಾರ್.’