ತೊಂಬತ್ತೆರಡಕ್ಕೆ ದುಪ್ಪಟ್ಟು

ಉಳಿತಾಯದ ಪಾಠವನ್ನು ಹೋಟೆಲಿನ ಹವಾನಿಯಂತ್ರಿತ ಸಭಾಂಗಣದಲ್ಲಿ, ಎರಡು ಸಿಹಿಯ ಊಟದೊಂದಿಗೆ, ಬಿಟ್ಟಿಯಾಗಿ ಹೇಳಿಕೊಡುವ ಉದಾರಿಗಳಿಗೆ ಬೆಂಗಳೂರಿನಲ್ಲಿ ಕೊರತೆಯಿಲ್ಲ. ಈ ಕಾರ್ಯಕ್ರಮಕ್ಕೆ ‘ಹಣಕಾಸು ಜಾಗೃತಿ ಶಿಬಿರ’ ಎಂದು ಹೆಸರು. ಜಾಗೃತರಾಗಲು ಅರವತ್ತು ದಾಟಿರಬೇಕು, ನಿವೃತ್ತಿಯ ಇಡುಗಂಟು ಕೈಯಲ್ಲಿರಬೇಕು ಮತ್ತು ಜೊತೆಗೆ ಮಗನೋ ಮಗಳೋ ಬರಬೇಕು. ಕೊನೆಯ ಷರತ್ತು ಹಿರಿಯರ ಮೇಲಿನ ಕಾಳಜಿಯಿಂದ ಹುಟ್ಟಿದ್ದಿರಬೇಕೆಂದು ಭಾವಿಸಿ, ಖಜಾನೆ ಇಲಾಖೆಯಲ್ಲಿ ಲೆಕ್ಕ ನೋಡಿಯೇ ನಿವೃತ್ತಳಾದ, ಈಗ ಎಪ್ಪತ್ತೆರಡು ತುಂಬಿರುವ ಅಮ್ಮನ ಪಕ್ಕದಲ್ಲಿ ನಾನೂ ಹೋಗಿ ಕುಳಿತೆ.

ಮೊದಲ ಅರ್ಧ ಗಂಟೆ ಹೆದರಿಸುವುದಕ್ಕೆ ಮೀಸಲಾಗಿತ್ತು. 2020ರ ಜನವರಿಯಲ್ಲಿ ಬಸವನಗುಡಿಯ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನಿಂದ 35,000 ರೂಪಾಯಿಗಿಂತ ಹೆಚ್ಚು ಹಣ ತೆಗೆಯುವಂತಿಲ್ಲವೆಂದು ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿದ ಕಥೆಯನ್ನು, ಕೋಟು ತೊಟ್ಟ ಯುವಕನೊಬ್ಬ ಹರಿಕಥೆಯ ದಾಸರೂ ತಲೆದೂಗುವಂತೆ ವಿವರಿಸಿದ. ಬ್ಯಾಂಕ್ ಮುಳುಗಿದರೆ ಠೇವಣಿಗೆ ಸಿಗುವ ವಿಮೆ ತಲಾ 5 ಲಕ್ಷ ಮಾತ್ರ ಎಂದೂ ಎಚ್ಚರಿಸಿದ. ಎರಡೂ ನಿಜವೇ. ಸಭಾಂಗಣ ಸಾಕಷ್ಟು ನಡುಗಿದ ಮೇಲೆ ಬೆಲೆಯೇರಿಕೆಯ ನಕ್ಷೆಯೊಂದನ್ನು ತೋರಿಸಿ, ಬಾದಾಮಿ ಹಾಲು ಹಂಚಿಸಿ, ಅಭಯಹಸ್ತವನ್ನು ಹೊರತೆಗೆದ: ವರ್ಷಕ್ಕೆ 1 ಲಕ್ಷದಂತೆ ಹತ್ತು ವರ್ಷ ಕಟ್ಟಿದರೆ, ಇಪ್ಪತ್ತು ವರ್ಷ ಮುಗಿದಾಗ 20 ಲಕ್ಷ, ‘ಶೇಕಡಾ ನೂರು ಲಾಭ, ಅದೂ ಖಾತರಿ.’

ಚಪ್ಪಾಳೆಯ ನಡುವೆ ಅಮ್ಮ ಊಟದ ಟೋಕನ್ನಿನ ಹಿಂಬದಿಯಲ್ಲಿ ಲೆಕ್ಕ ಮಾಡುತ್ತಿದ್ದಳು. ಮೊದಲ ಕಂತು ಇಪ್ಪತ್ತು ವರ್ಷ, ಕೊನೆಯ ಕಂತು ಹನ್ನೊಂದು ವರ್ಷ ಅವರ ಬಳಿ ಇರುತ್ತದೆ. ಸರಾಸರಿ ಹದಿನೈದೂವರೆ ವರ್ಷ. ಅಷ್ಟು ಕಾಲದಲ್ಲಿ ಹಣ ದುಪ್ಪಟ್ಟಾಗುವುದೆಂದರೆ ಚಕ್ರಬಡ್ಡಿ ಶೇ 4.6ರ ಆಸುಪಾಸು. ಅಮ್ಮ ಎದ್ದು ನಿಂತು, “ಅಲ್ಲಪ್ಪಾ, ಈ ಇಪ್ಪತ್ತು ಲಕ್ಷ ಬರುವಾಗ ನನಗೆ ತೊಂಬತ್ತೆರಡು. ಅದನ್ನು ತೆಗೆದುಕೊಂಡು ನಾನು ಏನು ಮಾಡಲಿ?” ಎಂದು ಕೇಳಿದಳು. ಯುವಕ ಒಂದಿಷ್ಟೂ ಅಳುಕಲಿಲ್ಲ. “ಪಾಲಿಸಿ ನಿಮ್ಮ ಜೀವದ ಮೇಲಲ್ಲ ಅಮ್ಮಾ, ನಿಮ್ಮ ಮಗನ ಜೀವದ ಮೇಲೆ. ಕಂತು ಮಾತ್ರ ನಿಮ್ಮದು” ಎಂದ. ಎಪ್ಪತ್ತೆರಡರ ಜೀವಕ್ಕೆ ವಿಮೆ ದುಬಾರಿ. ಆದುದರಿಂದ ಹಣವಿರುವ ಜೀವ ಒಂದು, ವಿಮೆಗೆ ಒದಗುವ ಜೀವ ಇನ್ನೊಂದು. ನನ್ನನ್ನು ಕರೆಸಿದ್ದರ ಮರ್ಮ ಹೀಗೆ ಬಯಲಾಯಿತು.

ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯ ಸುದ್ದಿ ಇಡೀ ಬೆಳಗಿನಲ್ಲಿ ಒಮ್ಮೆಯೂ ಬರಲಿಲ್ಲ. ಸರ್ಕಾರವೇ ಹೊಣೆ ಹೊತ್ತಿರುವ, ಮೂರು ತಿಂಗಳಿಗೊಮ್ಮೆ ಬಡ್ಡಿ ಕೊಡುವ, 2023ರ ಏಪ್ರಿಲ್‌ನಲ್ಲಿ ಹೂಡಿಕೆಯ ಮಿತಿಯನ್ನು 15 ಲಕ್ಷದಿಂದ 30 ಲಕ್ಷಕ್ಕೂ ಬಡ್ಡಿಯನ್ನು ಶೇ 8.2ಕ್ಕೂ ಏರಿಸಿಕೊಂಡ ಆ ಯೋಜನೆ ಬಡಪಾಯಿ. ಅದರ ದೋಷ ಒಂದೇ: 2011ರ ಡಿಸೆಂಬರ್‌ನಿಂದ ಅದರ ಏಜೆಂಟರಿಗೆ ಕಮಿಷನ್ ಇಲ್ಲ. ಕಮಿಷನ್ ಇಲ್ಲದ ಕಡೆ ಬಾದಾಮಿ ಹಾಲು ಎಲ್ಲಿಂದ ಬರಬೇಕು? ದೀರ್ಘಾವಧಿಯ ಜೀವವಿಮೆಯಲ್ಲಾದರೋ, ಮೊದಲ ವರ್ಷದ ಕಂತಿನಲ್ಲಿ ಶೇ 35ರವರೆಗೆ ಏಜೆಂಟರ ಪಾಲಿಗೆ ಹೋಗಬಹುದೆಂಬ ನಿಯಮವೇ ಬಹುಕಾಲ ಇತ್ತು. ಒಂದು ಲಕ್ಷಕ್ಕೆ ಮೂವತ್ತೈದು ಸಾವಿರವೆಂದರೆ ಇಡೀ ಬಂಧುಬಳಗಕ್ಕೆ ಹೋಳಿಗೆ ಊಟ ಹಾಕಿಸಬಹುದು, ಹಾಕಿಸುತ್ತಾರೆ ಕೂಡ. ಆದರೆ ಅಂಚೆ ಕಚೇರಿಯ ಕೌಂಟರಿನಲ್ಲಿ ಅಂಟಿನ ಡಬ್ಬಿಯೊಂದು ಬಿಟ್ಟರೆ ಬೇರೆ ಆತಿಥ್ಯ ಕಾಣೆ.

ಊಟಕ್ಕೆ ಮುಂಚೆ ಅತಿ ಮುಖ್ಯವಾದ ತರಬೇತಿಯೊಂದು ನಡೆಯಿತು. ಚೆಕ್ ಕೊಟ್ಟ ಮೇಲೆ ಕಂಪನಿಯಿಂದ ಒಂದು ಕರೆ ಬರುತ್ತದೆಂದೂ, ‘ಷರತ್ತುಗಳನ್ನು ಓದಿ ಅರ್ಥಮಾಡಿಕೊಂಡಿದ್ದೀರಾ, ಎಷ್ಟು ವರ್ಷ ಕಂತು ಕಟ್ಟಬೇಕೆಂದು ತಿಳಿದಿದೆಯಾ’ ಎಂದು ಅವರು ಕೇಳಿದಾಗ ಎಲ್ಲದಕ್ಕೂ ‘ಹೌದು’ ಎಂದುಬಿಡಬೇಕೆಂದೂ ಹಿರಿಯರಿಗೆ ತಿಳಿಸಲಾಯಿತು. ಗ್ರಾಹಕರ ರಕ್ಷಣೆಗೆಂದು ಏರ್ಪಟ್ಟ ಕರೆಗೆ ಗ್ರಾಹಕರನ್ನೇ ಹೀಗೆ ಸಜ್ಜುಗೊಳಿಸುವ ಶ್ರದ್ಧೆ ಮೆಚ್ಚತಕ್ಕದ್ದು. ಪಾಲಿಸಿ ಕೈಸೇರಿದ 30 ದಿನಗಳೊಳಗೆ ಬೇಡವೆಂದು ಹಿಂದಿರುಗಿಸುವ ಹಕ್ಕಿದೆ ಎಂಬುದನ್ನು ಹೇಳಲು ಮಾತ್ರ ಸಮಯ ಸಾಲಲಿಲ್ಲ. ಅಷ್ಟರಲ್ಲಿ ಊಟ ತಣ್ಣಗಾಗುತ್ತಿತ್ತು.

ಅಮ್ಮ ಚೆಕ್ ಕೊಡಲಿಲ್ಲ. ಕೊಡದವರಿಗೂ ಸ್ಟೀಲ್ ಡಬ್ಬಿಯ ಉಡುಗೊರೆಯಿತ್ತು, ಆದರೆ ಅದಕ್ಕೆ ಅರವತ್ತು ದಾಟಿದ ಐವರು ಪರಿಚಿತರ ಹೆಸರನ್ನೂ ಫೋನ್ ನಂಬರನ್ನೂ ಬರೆದುಕೊಡಬೇಕಿತ್ತು. ಅಮ್ಮ ತನ್ನ ಸಾಲಿನಲ್ಲೇ ಕುಳಿತು ಪಾಯಸ ಕುಡಿಯುತ್ತಿದ್ದ ಐದು ಮಂದಿ ಗೆಳತಿಯರನ್ನು ಬರೆದು ಡಬ್ಬಿ ಪಡೆದಳು. ಅವರೂ ತಂತಮ್ಮ ಡಬ್ಬಿಗಾಗಿ ಅಮ್ಮನನ್ನೇ ಬರೆದಿದ್ದರು. ಮುಂದಿನ ಭಾನುವಾರದ ಶಿಬಿರಕ್ಕೆ ಅಮ್ಮನಿಗೆ ಐದು ಕರೆಗಳು ಬಂದವು. ಐದರಲ್ಲೂ ಅವಳನ್ನು ‘ವಿಶೇಷವಾಗಿ ಆಯ್ಕೆ’ ಮಾಡಲಾಗಿತ್ತು.