300 ಅಡಿಯ ಆಚೆಗಿನ ಬಾವಿ

ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ನಾನು ವಾಸಿಸುತ್ತಿರುವ ಟೌನ್‌ಶಿಪ್‌ನ ಸಭಾಂಗಣದಲ್ಲಿ ಕಳೆದ ತಿಂಗಳು ಜಲ್ಲಿ ಗಣಿಯೊಂದರ ಅರ್ಜಿಯ ಬಗ್ಗೆ ಸಾರ್ವಜನಿಕ ವಿಚಾರಣೆ ನಡೆಯಿತು. ಅಂತರ್ಜಲದ ಮಟ್ಟಕ್ಕಿಂತಲೂ ಕೆಳಗೆ ಅಗೆದು, ಗುಂಡಿಯಲ್ಲಿ ನಿಲ್ಲುವ ನೀರನ್ನು ಪಂಪ್ ಮಾಡಿ ಹೊರಹಾಕುತ್ತಾ ಜಲ್ಲಿ ತೆಗೆಯುವ ಯೋಜನೆ ಅದು. ಪ್ರತಿಯೊಬ್ಬರಿಗೂ ಮೂರು ನಿಮಿಷ ಮಾತನಾಡಲು ಅವಕಾಶವಿತ್ತು. ನನ್ನ ಪಕ್ಕದಲ್ಲಿ ಕುಳಿತಿದ್ದ ಹಿರಿಯ ರೈತರೊಬ್ಬರು ಎದ್ದು, ಜೇಬಿನಿಂದ ಮಡಚಿದ ಹಳೆಯ ಕಾಗದವೊಂದನ್ನು ತೆಗೆದರು. ಅವರ ತಂದೆಯ ಕಾಲದಲ್ಲಿ ಬಾವಿ ಕೊರೆದವನು ಬರೆದುಕೊಟ್ಟ ವಿವರ ಅದರಲ್ಲಿತ್ತು: ಎಷ್ಟು ಅಡಿಗೆ ಜೇಡಿ, ಎಷ್ಟು ಅಡಿಗೆ ಮರಳು, ಎಷ್ಟು ಅಡಿಗೆ ನೀರು. ಅದನ್ನು ಓದಿ ಮುಗಿಸುವಷ್ಟರಲ್ಲಿ ಅವರ ಸಮಯ ಮುಗಿಯಿತು. ಕುಳಿತುಕೊಳ್ಳುವ ಮುನ್ನ ಅವರು ಒಂದೇ ಮಾತು ಕೇಳಿದರು: 'ನನಗೇಕೆ ಪತ್ರ ಬರಲಿಲ್ಲ?'

ಉತ್ತರ ಸರಳವಾಗಿತ್ತು. ಇಂತಹ ಅರ್ಜಿ ಬಂದಾಗ, ವಿಚಾರಣೆಗೆ ಕನಿಷ್ಠ 15 ದಿನ ಮೊದಲು ಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು ಮತ್ತು ಆ ಜಮೀನಿನ ಸುತ್ತ 300 ಅಡಿಯೊಳಗಿನ ಆಸ್ತಿಗಳ ಮಾಲೀಕರಿಗೆ ಪತ್ರ ಕಳುಹಿಸಬೇಕು ಎಂದು ರಾಜ್ಯದ 2006ರ ಝೋನಿಂಗ್ ಕಾಯ್ದೆ, ಎಂದರೆ ಯಾವ ವಲಯದ ನೆಲವನ್ನು ಯಾವುದಕ್ಕೆ ಬಳಸಬಹುದೆಂಬುದನ್ನು ಕುರಿತ ಕಾಯ್ದೆ, ಹೇಳುತ್ತದೆ. ಅವರ ಮನೆ ಆ ಗಡಿಯಿಂದ ಸ್ವಲ್ಪ ಆಚೆಗಿದೆ. ಯಾರೂ ಕಾನೂನು ಮುರಿದಿರಲಿಲ್ಲ. ಆದರೆ ದೂಳು, ಸದ್ದು, ಲಾರಿಗಳ ಓಡಾಟವನ್ನು ಮನಸ್ಸಿನಲ್ಲಿಟ್ಟುಕೊಂಡು ಅಳೆದ ದೂರಕ್ಕೂ, ಪಂಪ್ ಓಡಲು ಶುರುವಾದ ಮೇಲೆ ನೆಲದಡಿಯ ನೀರು ಇಳಿಯುತ್ತಾ ಹೋಗುವ ದೂರಕ್ಕೂ ಯಾವ ಸಂಬಂಧವೂ ಇಲ್ಲ.

ಊರಿನಲ್ಲಿ ಇದನ್ನು ಓದುವವರಿಗೆ ಒಂದು ಮಾತು ಸ್ಪಷ್ಟಪಡಿಸಬೇಕು. ನಮ್ಮಲ್ಲಿ ಟೌನ್‌ಶಿಪ್ ಎಂದರೆ ಹೊಸದಾಗಿ ಕಟ್ಟಿದ ಬಡಾವಣೆ. ಇಲ್ಲಿ ಅದು ಗ್ರಾಮ ಪಂಚಾಯಿತಿಯನ್ನು ಹೋಲುವ ಅತ್ಯಂತ ಕೆಳ ಹಂತದ ಸರ್ಕಾರ. ಮಿಷಿಗನ್‌ನಲ್ಲಿ ಇಂತಹ 1,240 ಟೌನ್‌ಶಿಪ್‌ಗಳಿವೆ. 1785ರ ಭೂ ಸುಗ್ರೀವಾಜ್ಞೆಯಂತೆ ಸರ್ವೇಯರ್‌ಗಳು ಆರು ಮೈಲಿ ಉದ್ದ, ಆರು ಮೈಲಿ ಅಗಲದ ಚೌಕಗಳನ್ನು ಎಳೆಯುತ್ತಾ ಹೋದರು, ಬಹುಪಾಲು ಟೌನ್‌ಶಿಪ್‌ಗಳು ಇಂದಿಗೂ ಸುಮಾರು ಆ ಆಕಾರದಲ್ಲೇ ಇವೆ. ಹೊಳೆ, ಕೆರೆ, ಜೌಗು ಪ್ರದೇಶ ಯಾವುದನ್ನೂ ಆ ಗೆರೆಗಳು ಲೆಕ್ಕಿಸಲಿಲ್ಲ. ಒಂದು ಟೌನ್‌ಶಿಪ್‌ನಲ್ಲಿ ಇಂಗಿದ ಮಳೆ ಪಕ್ಕದ ಟೌನ್‌ಶಿಪ್‌ನ ಬಾವಿಯನ್ನು ತುಂಬುತ್ತದೆ, ಮೂರನೆಯದರಲ್ಲಿ ಒರತೆಯಾಗಿ ಹೊರಬರುತ್ತದೆ. ನೆಲದ ಬಳಕೆಯನ್ನು ನಿರ್ಧರಿಸುವ ಅಧಿಕಾರ ಮಾತ್ರ ಚೌಕ ಚೌಕವಾಗಿ ಹಂಚಿಹೋಗಿದೆ.

ನೀರಿನ ಅಧಿಕಾರವಂತೂ ಆ ಚೌಕಗಳ ಕೈಯಲ್ಲಿ ಇಲ್ಲವೇ ಇಲ್ಲ. 30 ದಿನಗಳ ಸರಾಸರಿಯಲ್ಲಿ ದಿನಕ್ಕೆ 1,00,000 ಗ್ಯಾಲನ್ ಅಥವಾ ಅದಕ್ಕಿಂತ ಹೆಚ್ಚು, ಎಂದರೆ ಸುಮಾರು 3.8 ಲಕ್ಷ ಲೀಟರ್ ನೀರೆತ್ತಬಲ್ಲ ವ್ಯವಸ್ಥೆ ದೊಡ್ಡ ಪ್ರಮಾಣದ ಬಳಕೆ ಎನಿಸಿಕೊಳ್ಳುತ್ತದೆ, ಮತ್ತು ಅದನ್ನು ನಿಯಂತ್ರಿಸುವ ನಿಯಮಗಳನ್ನು ಸ್ಥಳೀಯ ಸಂಸ್ಥೆಗಳು ಮಾಡುವಂತಿಲ್ಲ ಎಂದು ರಾಜ್ಯದ ಕಾನೂನು ನೇರವಾಗಿ ಹೇಳುತ್ತದೆ. ಹಾಗಾದರೆ ಬಾವಿ ಬತ್ತುವ ಭಯವಿರುವ ಊರಿನ ಕೈಯಲ್ಲಿ ಏನು ಉಳಿಯಿತು? ನೆಲ ಉಳಿಯಿತು. ನೀರೆತ್ತುವ ಪಂಪಿಗೂ, ಸಾಗಿಸುವ ಕೊಳವೆಗೂ, ತುಂಬುವ ಲಾರಿಗೂ ನಿಲ್ಲಲು ಜಾಗ ಬೇಕು, ಆ ಜಾಗದ ಮಾತು ಬಂದಾಗ ಟೌನ್‌ಶಿಪ್‌ನ ಯೋಜನಾ ಆಯೋಗದ ಮುಂದೆ ಬರಲೇಬೇಕು.

ಇದು ಎಷ್ಟು ದೊಡ್ಡ ಶಕ್ತಿ ಎಂಬುದು ನನಗೆ ಅರ್ಥವಾದದ್ದು ಆಸಿಯೋಲಾ ಟೌನ್‌ಶಿಪ್‌ನ ಪ್ರಕರಣದಿಂದ. ಬಾಟಲಿ ನೀರಿನ ವ್ಯಾಪಾರ ಮಾಡುತ್ತಿದ್ದ ನೆಸ್ಲೆ ಕಂಪನಿ ಅಲ್ಲಿನ ಬಾವಿಯೊಂದರಿಂದ ನಿಮಿಷಕ್ಕೆ 250 ಗ್ಯಾಲನ್ ಬದಲು 400 ಗ್ಯಾಲನ್ ಎತ್ತಲು ಅನುಮತಿ ಕೇಳಿತು. ಅದಕ್ಕೆ ಕಂಪನಿ ರಾಜ್ಯಕ್ಕೆ ಕಟ್ಟಬೇಕಿದ್ದದ್ದು ವರ್ಷಕ್ಕೆ 200 ಡಾಲರ್ ಶುಲ್ಕ ಮಾತ್ರ. ವಿರೋಧಿಸಿ 80 ಸಾವಿರಕ್ಕೂ ಹೆಚ್ಚು ಅಭಿಪ್ರಾಯಗಳು ರಾಜ್ಯದ ಪರಿಸರ ಇಲಾಖೆಗೆ ಹೋದವು. ಪರವಾಗಿ ಬಂದವು 75. ಇಲಾಖೆ ನೋಡಬೇಕಿದ್ದದ್ದು ಕಾನೂನಿನ ಮಾನದಂಡಗಳನ್ನೇ ಹೊರತು ಜನರ ಎಣಿಕೆಯನ್ನಲ್ಲವಾದ್ದರಿಂದ, 2018ರ ಏಪ್ರಿಲ್‌ನಲ್ಲಿ ಅನುಮತಿ ಸಿಕ್ಕಿತು. ಆದರೆ ಹೆಚ್ಚಿನ ನೀರನ್ನು ಕೊಳವೆಯಲ್ಲಿ ನೂಕಲು ನಡುದಾರಿಯಲ್ಲಿ 12 ಅಡಿ ಅಗಲ, 22 ಅಡಿ ಉದ್ದದ ಒಂದು ಸಣ್ಣ ಪಂಪ್ ಮನೆ ಬೇಕಿತ್ತು, ಅದು ಕೃಷಿ ವಲಯದಲ್ಲಿ ಬರುತ್ತಿತ್ತು. ಆ ವಲಯದಲ್ಲಿ ಇದಕ್ಕೆ ಅವಕಾಶವಿಲ್ಲವೆಂದು ಟೌನ್‌ಶಿಪ್ 2017ರಲ್ಲೇ ಅರ್ಜಿಯನ್ನು ತಿರಸ್ಕರಿಸಿತ್ತು. ತನ್ನದು ಅಗತ್ಯ ಸಾರ್ವಜನಿಕ ಸೇವೆ, ಆದ್ದರಿಂದ ಅವಕಾಶ ಕೊಡಬೇಕೆಂದು ಕಂಪನಿ ಕೋರ್ಟಿಗೆ ಹೋಯಿತು, ಮೊದಲ ಹಂತದಲ್ಲಿ ಗೆದ್ದಿತು. 2019ರ ಡಿಸೆಂಬರ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ಆ ತೀರ್ಪನ್ನು ತಿರುಗಿಸಿತು: ಬೇರೆ ನೀರಿನ ಮೂಲವೇ ಇಲ್ಲದ ಕಡೆಯನ್ನು ಬಿಟ್ಟರೆ, ಲಾಭಕ್ಕಾಗಿ ಮಾರುವ ಬಾಟಲಿ ನೀರು ಅಗತ್ಯ ಸಾರ್ವಜನಿಕ ಸೇವೆಯಲ್ಲ ಎಂದಿತು. 80 ಸಾವಿರ ಜನರ ದನಿ ತಡೆಯಲಾರದ್ದನ್ನು ಸಣ್ಣ ಊರೊಂದರ ಉಪವಿಧಿಯ ಕೆಲವು ಸಾಲುಗಳು ತಡೆದು ನಿಲ್ಲಿಸಿದವು.

ಆ ಸಾಲುಗಳು ಅರ್ಜಿ ಬರುವ ಮೊದಲೇ ಬರೆದಿಟ್ಟಿದ್ದವು ಎಂಬುದನ್ನು ನಾವು ಗಮನಿಸಬೇಕು. ವಿಶೇಷ ಅನುಮತಿಯ ಅರ್ಜಿಯು, ಎಂದರೆ ವಲಯದಲ್ಲಿ ಷರತ್ತಿನ ಮೇಲೆ ಮಾತ್ರ ಅವಕಾಶವಿರುವ ಬಳಕೆಗೆ ಸಲ್ಲಿಸುವ ಅರ್ಜಿಯು, ಉಪವಿಧಿಯಲ್ಲಿ ಬರೆದ ಮಾನದಂಡಗಳನ್ನೆಲ್ಲ ಪೂರೈಸಿದರೆ ಆಯೋಗ ಅದನ್ನು ಒಪ್ಪಲೇಬೇಕು. ಊರಿಗೆ ಊರೇ ಬಂದು ಬೇಡವೆಂದರೂ ಅದು ಕಾರಣವಾಗುವುದಿಲ್ಲ. ಜಲ್ಲಿಯ ವಿಷಯದಲ್ಲಿ ಕಟ್ಟು ಇನ್ನೂ ಬಿಗಿ. 'ಅತ್ಯಂತ ಗಂಭೀರ ಪರಿಣಾಮ' ಆಗುತ್ತದೆಂದು ತೋರಿಸದ ಹೊರತು ಖನಿಜ ತೆಗೆಯುವುದನ್ನು ಝೋನಿಂಗ್ ಮೂಲಕ ತಡೆಯಬಾರದೆಂದು 1982ರಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಹೇಳಿತ್ತು, 2010ರಲ್ಲಿ ಅದೇ ನ್ಯಾಯಾಲಯ ಆ ನಿಯಮವನ್ನು ಕೈಬಿಟ್ಟಿತು, ಮರುವರ್ಷವೇ ಶಾಸನಸಭೆ ಅದನ್ನು ಕಾಯ್ದೆಯೊಳಗೆ ಬರೆದು ಮತ್ತೆ ತಂದಿತು. ಆ ಗಂಭೀರ ಪರಿಣಾಮವನ್ನು ತೋರಿಸಬೇಕಾದರೆ ಸುತ್ತಲಿನ ಬಾವಿಗಳ ಆಳ, ಈಗಿನ ನೀರಿನ ಮಟ್ಟ, ಮಣ್ಣಿನ ಪದರಗಳ ದಾಖಲೆ ಕೈಯಲ್ಲಿರಬೇಕು. ನಮ್ಮ ವಿಚಾರಣೆಯಲ್ಲಿ ಅಂತಹ ದಾಖಲೆ ಇದ್ದದ್ದು ಒಬ್ಬರ ಬಳಿ ಮಾತ್ರ, ಅವರಿಗೆ ಪತ್ರವೇ ಹೋಗಿರಲಿಲ್ಲ.

ಊರಿನ ಕೈಗೆ ಇಷ್ಟು ಅಧಿಕಾರ ಕೊಡುವುದರಲ್ಲಿ ಅಪಾಯವಿಲ್ಲವೆಂದು ನಾನು ಹೇಳುವುದಿಲ್ಲ. ನಿವೇಶನ ಕನಿಷ್ಠ ಇಷ್ಟು ಎಕರೆ ಇರಲೇಬೇಕೆಂಬ ನಿಯಮ ಮಾಡಿ ಬಡವರು ಮನೆ ಕಟ್ಟದಂತೆ ತಡೆಯಲು ಈ ದೇಶದಲ್ಲಿ ಝೋನಿಂಗ್ ಬಳಕೆಯಾಗಿದೆ, ಅದು ಅನ್ಯಾಯವೇ. ಜಲ್ಲಿಯಿರುವ ಜಮೀನಿನ ಮಾಲೀಕರಿಗೂ ತಮ್ಮ ನೆಲದಿಂದ ಆದಾಯ ಪಡೆಯುವ ಹಕ್ಕಿದೆ, ಅವರೂ ನಮ್ಮ ನೆರೆಯವರೇ. ಅದಕ್ಕಾಗಿಯೇ ನಿಯಮ ಮೊದಲೇ ಬರೆದಿರಬೇಕು, ಎಲ್ಲರಿಗೂ ಒಂದೇ ಆಗಿರಬೇಕು, ಅಳತೆಗೆ ಸಿಗುವಂತಿರಬೇಕು ಎನ್ನುತ್ತೇನೆ. ಅರ್ಜಿ ಬಂದ ಮೇಲೆ ಗಾಬರಿಯಿಂದ ಬರೆದ ನಿಯಮ ಕೋರ್ಟಿನಲ್ಲಿ ನಿಲ್ಲುವುದು ಕಷ್ಟ, ಮತ್ತು ದೊಡ್ಡ ಕಂಪನಿಯೊಂದರ ವಿರುದ್ಧ ವರ್ಷಗಟ್ಟಲೆ ಮೊಕದ್ದಮೆ ನಡೆಸುವಷ್ಟು ಹಣ ಸಣ್ಣ ಊರುಗಳಲ್ಲಿ ಇರುವುದಿಲ್ಲ. 2025ರಲ್ಲಿ ಸಲೀನ್ ಟೌನ್‌ಶಿಪ್ ದೊಡ್ಡ ಡೇಟಾ ಸೆಂಟರ್‌ಗಾಗಿ ಕೃಷಿ ಭೂಮಿಯ ವಲಯ ಬದಲಿಸಲು ನಿರಾಕರಿಸಿತು, ಮೊಕದ್ದಮೆ ಬಿತ್ತು, ಕೊನೆಗೆ ರಾಜಿಯಾಯಿತು, ಯೋಜನೆಗೆ ದಾರಿ ತೆರೆಯಿತು.

ಪ್ರತಿ ಟೌನ್‌ಶಿಪ್‌ನ ಮಾಸ್ಟರ್ ಪ್ಲ್ಯಾನನ್ನು ಐದು ವರ್ಷಕ್ಕೊಮ್ಮೆಯಾದರೂ ಪರಿಶೀಲಿಸಬೇಕೆಂದು ಕಾನೂನು ಇದೆ. ನಮ್ಮ ಸರದಿ ಈ ವರ್ಷ ಬಂದಿದೆ. 300 ಅಡಿ ಎಂಬುದು ಕಾನೂನಿನ ಕನಿಷ್ಠ ಮಿತಿಯಷ್ಟೇ ಆದ್ದರಿಂದ ನಮ್ಮ ಉಪವಿಧಿಯಲ್ಲಿ ಅದನ್ನು ಹೆಚ್ಚಿಸಬೇಕು, ಅಂತರ್ಜಲ ಮಟ್ಟಕ್ಕಿಂತ ಕೆಳಗೆ ಅಗೆಯುವ ಯಾವುದೇ ಅರ್ಜಿಯ ಜೊತೆ ನೀರಿನ ಇಳಿತ ಎಷ್ಟು ದೂರ ಹಬ್ಬುತ್ತದೆ ಎಂಬ ತಜ್ಞರ ವರದಿ ಇರಬೇಕು, ಅಷ್ಟು ದೂರದೊಳಗಿನ ಪ್ರತಿಯೊಂದು ಬಾವಿಯ ಮಟ್ಟವನ್ನು ಅಗೆತ ಆರಂಭವಾಗುವ ಮೊದಲೇ ಅಳೆದು ದಾಖಲಿಸಬೇಕು ಎಂದು ನಾನು ಲಿಖಿತ ಮನವಿ ಕೊಟ್ಟಿದ್ದೇನೆ. ಗಣಿಯ ಅರ್ಜಿಯ ಮೇಲಿನ ತೀರ್ಮಾನವನ್ನು ಮುಂದಿನ ಸಭೆಗೆ ಮುಂದೂಡಲಾಗಿದೆ. ನಾವು ಕೆಲವರು ಸೇರಿ ರಸ್ತೆಯ ಎರಡೂ ಬದಿಯ ಮನೆಗಳ ಬಾವಿಗಳ ಪಟ್ಟಿ ಮಾಡಲು ಶುರು ಮಾಡಿದ್ದೇವೆ. ಮೊದಲ ಸಾಲಿನಲ್ಲಿ ಬರೆದದ್ದು ಆ ಹಿರಿಯರ ಮಡಚಿದ ಕಾಗದದಲ್ಲಿದ್ದ ಅಂಕಿಗಳನ್ನು.