ಅದಿರಿಗೆ ಪಾಸ್‌ಪೋರ್ಟ್ ಕೇಳಿದವರಿಲ್ಲ

ಅಂಕೋಲಾ ಕಡೆಯ ಒಬ್ಬ ಪ್ಲಂಬರಿಗೆ ಕುವೈತಿನಲ್ಲಿ ಕೆಲಸ ಸಿಕ್ಕಿದೆ. ಮೆಡಿಕಲ್ ಆಗಿದೆ, ಏಜೆಂಟನ ಕೈಗೆ ದುಡ್ಡೂ ಹೋಗಿದೆ. ಬಾಕಿ ಇರುವುದು ಪಿಸಿಸಿ ಒಂದೇ. ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್. ಈ ಮನುಷ್ಯನ ಮೇಲೆ ಯಾವ ಕಪ್ಪುಚುಕ್ಕೆಯೂ ಇಲ್ಲ ಅಂತ ಸರ್ಕಾರ 500 ರೂಪಾಯಿ ತಗೊಂಡು ಬರೆದುಕೊಡುವ ಕಾಗದ.

ಇವನ ಮೇಲೆ ಚುಕ್ಕೆ ಇದೆ. ಮದುವೆಗೂ ಮುಂಚೆ ಒಂದು ದೀಪಾವಳಿ ರಾತ್ರಿ ಗೇರುಹಕ್ಕಲಿನ ಪಕ್ಕದ ರಸ್ತೆಯಲ್ಲಿ ಕೂತು ಇಸ್ಪೀಟು ಆಡಿದ್ದ. ಪೊಲೀಸರು ಬಂದರು. ಓಡುವವರು ಓಡಿದರು. ಇವನ ಚಪ್ಪಲಿ ಕಿತ್ತುಹೋಗಿತ್ತು, ಸಿಕ್ಕಿಬಿದ್ದ. ಕರ್ನಾಟಕ ಪೊಲೀಸ್ ಕಾಯ್ದೆ ಕಲಂ 87. ‘ತಮ್ಮ ಸ್ವಂತ ಲಾಭಕ್ಕೋಸ್ಕರ ಇಸ್ಪೀಟ್ ಎಲೆಗಳ ಮೇಲೆ ಹಣ ಪಂಥ ಕಟ್ಟಿ ಅಂದರ್ ಬಾಹರ್ ಎಂಬ ಜುಗಾರಾಟ ಆಡುತ್ತಿದ್ದಾಗ’ ಅಂತ ಬರೆದುಕೊಂಡರು. ಈ ‘ಸ್ವಂತ ಲಾಭಕ್ಕೋಸ್ಕರ’ ನನಗೆ ಬಹಳ ಇಷ್ಟ. ಮತ್ತೆ ಯಾರ ಲಾಭಕ್ಕೆ ಆಡ್ತಾರೆ, ಗ್ರಾಮ ಪಂಚಾಯಿತಿ ಲಾಭಕ್ಕಾ?

ಜಪ್ತಾದ ಮಾಲು: ಇಸ್ಪೀಟ್ ಎಲೆ 52, ಹಳೇ ಗೋಣಿಚೀಲ ಒಂದು, ಸ್ವಲ್ಪ ನಗದು. ಎಲ್ಲವೂ ಸೀಲಾಗಿ ಕೋರ್ಟಿಗೆ ಬಂದವು. ಎಣಿಸಿದರೆ ಒಂದು ಎಲೆಯೂ ಕಡಿಮೆ ಇರಲಿಲ್ಲ. ನಮ್ಮ ಜಿಲ್ಲೆಯ ಕಾನೂನಿನ ದಕ್ಷತೆಯ ಬಗ್ಗೆ ಯಾರಿಗಾದರೂ ಅನುಮಾನ ಇದ್ದರೆ ಇದನ್ನು ನೆನಪಿಟ್ಟುಕೊಳ್ಳಿ. ಮುಂದೆ ಬೇಕಾಗುತ್ತದೆ.

ಕೋರ್ಟಿನ ಹೊರಗೆ ಎಲ್ಲರೂ ಹೇಳಿದ್ದು ಒಂದೇ ಮಾತು. “ಒಪ್ಕೊಂಡು ದಂಡ ಕಟ್ಟಿಬಿಡು ಮಾರಾಯ, ಇವತ್ತೇ ಮುಗೀತದೆ.” ಇನ್ನೂರು ರೂಪಾಯಿ ಕಟ್ಟಿದ. ಮಧ್ಯಾಹ್ನದ ಊಟಕ್ಕೆ ಮನೆಗೆ ಬಂದ. ತಾನು ಅವತ್ತಿನಿಂದ ಶಿಕ್ಷೆಗೊಳಗಾದ ಅಪರಾಧಿ ಅಂತ ಅವನಿಗೆ ಗೊತ್ತಾದದ್ದು ಈಗ. ಪಕ್ಕದ ಮನೆಯವನ ತಲೆ ಒಡೆದು ಲೋಕ ಅದಾಲತ್‌ನಲ್ಲಿ ರಾಜಿ ಮಾಡಿಕೊಂಡಿದ್ದರೆ ಒಳ್ಳೆಯದಿತ್ತು. ರಾಜಿಯಾಗಬಲ್ಲ ಹೊಡೆದಾಟದಲ್ಲಿ ರಾಜಿಯಾದರೆ ಅದು ಖುಲಾಸೆ ಎಂದೇ ಲೆಕ್ಕ. ಇಸ್ಪೀಟಿನಲ್ಲಿ ರಾಜಿ ಯಾರ ಜೊತೆ ಮಾಡ್ಕೊಳ್ಳೋದು, ರಾಣಿ ಜೊತೆಗಾ?

ಪಾಸ್‌ಪೋರ್ಟ್ ಕಾಯ್ದೆ ಪಾಪ ಇವನನ್ನು ತಡೆಯುವುದೇ ಇಲ್ಲ. 1967ರ ಆ ಕಾಯ್ದೆ ಕೇಳುವುದು ಇಷ್ಟೇ: ಹಿಂದಿನ ಐದು ವರ್ಷದಲ್ಲಿ ನೈತಿಕ ಅಧಃಪತನದ ಅಪರಾಧಕ್ಕೆ ಎರಡು ವರ್ಷಕ್ಕೆ ಕಡಿಮೆಯಿಲ್ಲದ ಜೈಲು ಶಿಕ್ಷೆ ಆಗಿದೆಯೇ? ಕ್ರಿಮಿನಲ್ ಕೇಸು ಬಾಕಿ ಇದೆಯೇ? ಕೇಸು ಬಾಕಿ ಇದ್ದರೂ ದಾರಿ ಇದೆ. 1993ರ ಒಂದು ಅಧಿಸೂಚನೆ ಇದೆ. ಕೋರ್ಟು ಅನುಮತಿ ಕೊಟ್ಟರೆ ಪಾಸ್‌ಪೋರ್ಟ್ ಸಿಗುತ್ತದೆ, ಎಷ್ಟು ಕಾಲಕ್ಕೆ ಅಂತ ಕೋರ್ಟು ಹೇಳದಿದ್ದರೆ ಒಂದು ವರ್ಷಕ್ಕೆ. ಮೈತುಂಬ ಕೇಸಿರುವ ದೊಡ್ಡವರು ದೊಡ್ಡ ವಕೀಲರನ್ನು ಹಿಡಿದು, ಮಗಳ ಕಾನ್ವೊಕೇಶನ್‌ಗೆ ಅಂತ ಈ ದಾರಿಯಲ್ಲೇ ಹೋಗಿಬರುತ್ತಾರೆ. ಕೇಸು ಮುಗಿದುಹೋದ ಪ್ಲಂಬರಿಗೆ ಮಾತ್ರ ಹಳೇ ರಿಜಿಸ್ಟರ್ ತೆಗೆದು, ಬೆರಳಿಟ್ಟು ತೋರಿಸುತ್ತಾರೆ.

ಸರಿ, ಕ್ಷಮೆ ಕೇಳೋಣ ಅಂದರೆ ಯಾರನ್ನು ಕೇಳುವುದು? ಸಂವಿಧಾನದ 161ನೇ ವಿಧಿಯಲ್ಲಿ ರಾಜ್ಯಪಾಲರಿಗೆ ಆ ಅಧಿಕಾರ ಇದೆ. ಮಾನ್ಯ ರಾಜ್ಯಪಾಲರೇ, ಇನ್ನೂರು ರೂಪಾಯಿ ಕಟ್ಟಿ ಮುಗಿಸಿದ ಜುಗಾರಾಟವನ್ನು ಮನ್ನಿಸಿ ಅಂತ ರಾಜಭವನಕ್ಕೆ ಬರೆಯಬೇಕು. ಬಾಲಕನಾಗಿದ್ದಾಗ ಸಿಕ್ಕಿಬಿದ್ದಿದ್ದರೆ ಬಚಾವಾಗುತ್ತಿದ್ದ. 2015ರ ಬಾಲ ನ್ಯಾಯ ಕಾಯ್ದೆ ದಾಖಲೆಯನ್ನೇ ನಾಶ ಮಾಡಿ ಅನ್ನುತ್ತದೆ. ದೊಡ್ಡವರಿಗೂ 1958ರ ಪ್ರೊಬೇಷನ್ ಕಾಯ್ದೆ ಇದೆ. ಇಂಥ ಸಣ್ಣ ತಪ್ಪಿಗೆ ದಂಡದ ಬದಲು ಬುದ್ಧಿ ಹೇಳಿ ಬಿಡಿ ಅಂತ ಕೇಳಬಹುದು. ಬಿಟ್ಟರೆ ಶಿಕ್ಷೆಯಿಂದ ಬರುವ ಅನರ್ಹತೆಯೂ ಅಂಟುವುದಿಲ್ಲ. ಕೇಳಬೇಕಿದ್ದದ್ದು ಅವತ್ತು. ಊಟದ ಹೊತ್ತಾಗಿತ್ತು, ಯಾರೂ ಕೇಳಲಿಲ್ಲ.

ಕೆನಡಾದವರು ಇದಕ್ಕೆ ಒಂದು ಅಂಗಡಿಯನ್ನೇ ತೆರೆದಿದ್ದಾರೆ. ಶಿಕ್ಷೆ ಮುಗಿದು ಇಷ್ಟು ವರ್ಷ ಸುಮ್ಮನಿದ್ದೆ ಅಂತ ಪರೋಲ್ ಬೋರ್ಡಿಗೆ ಅರ್ಜಿ ಹಾಕಿದರೆ ದಾಖಲೆಯನ್ನು ಕಪಾಟಿನೊಳಗೆ ಇಟ್ಟು ಬೀಗ ಹಾಕುತ್ತಾರೆ. ಮೊದಲು ಇದನ್ನು ‘ಕ್ಷಮೆ’ ಅನ್ನುತ್ತಿದ್ದರು. 2012ರಲ್ಲಿ ಅಷ್ಟು ಮೃದುವಾಗಿ ಮಾತಾಡೋದು ಸರಿಯಲ್ಲ ಅನ್ನಿಸಿ ‘ದಾಖಲೆ ಅಮಾನತು’ ಅಂತ ಹೆಸರು ಬದಲಿಸಿದರು. ಒಂದು ಕಾಲಕ್ಕೆ 600 ಡಾಲರ್ ಮೀರಿದ್ದ ಶುಲ್ಕ 2022ರಿಂದ 50 ಡಾಲರ್. ಇಷ್ಟೆಲ್ಲ ಮಾಡಿಕೊಂಡು ಅಮೆರಿಕದ ಗಡಿಗೆ ಹೋದರೆ ಅಲ್ಲಿಯವನು, ನಿಮ್ಮ ದೇಶದ ಕ್ಷಮೆ ನಿಮ್ಮ ದೇಶಕ್ಕೆ ಅನ್ನುತ್ತಾನೆ. ಅಮೆರಿಕದ ವೀಸಾ ಫಾರ್ಮಿನಲ್ಲೇ ಪ್ರಶ್ನೆ ಇದೆ: ಕ್ಷಮೆ ಸಿಕ್ಕಿದ್ದರೂ ಪರವಾಗಿಲ್ಲ, ಎಂದಾದರೂ ನಿಮ್ಮನ್ನು ಬಂಧಿಸಿದ್ದರೇ?

ಈ ಪ್ರಶ್ನೆಯನ್ನು ನಮ್ಮ ಅಂಕೋಲೆಯ ಅಜ್ಜಂದಿರಿಗೆ ಕೇಳಬೇಕಿತ್ತು. 1930ರಲ್ಲಿ ಕಡಲ ತೀರದಲ್ಲಿ ಉಪ್ಪು ಮಾಡಿದರು. ಆಮೇಲೆ ಅಂಕೋಲಾ, ಸಿದ್ದಾಪುರದ ರೈತರು ಕರ ಕೊಡೋದಿಲ್ಲ ಅಂತ ಕೂತರು. ಗದ್ದೆ ಹೋಯಿತು, ದನ ಹೋಯಿತು, ಮನೆಯ ಪಾತ್ರೆ ಹೋಯಿತು. ಮನೆ ಮನೆಯಿಂದ ಜನ ಜೈಲಿಗೆ ಹೋದರು. ಇಡೀ ಊರು ಫಾರ್ಮಿನಲ್ಲಿ ‘ಹೌದು’ ಅಂತ ಗುರುತು ಹಾಕಬೇಕಿತ್ತು. ಮುಂಬೈನ ಕಾನ್ಸುಲೇಟಿನ ಗಾಜಿನ ಹಿಂದೆ ಕೂತವನು ಅಜ್ಜನ ಅರ್ಜಿ ಓದುವುದನ್ನು ಊಹಿಸಿ. ಅಪರಾಧ: ಉಪ್ಪು. ಜೊತೆಗಿದ್ದವರು: ಊರವರೆಲ್ಲ. ಪಶ್ಚಾತ್ತಾಪ ಇದೆಯೇ? ಇಲ್ಲ. ಮತ್ತೆ ಮಾಡುತ್ತೀರಾ? ಮಳೆಗಾಲ ಮುಗೀಲಿ.

ಆಮೇಲೆ ಸ್ವತಂತ್ರ ಭಾರತ ಈ ಅಜ್ಜಂದಿರಿಗೆ ಪಿಂಚಣಿ ಕೊಟ್ಟಿತು. ಕೇಂದ್ರದ ಪಿಂಚಣಿಗೆ ಸಾಮಾನ್ಯವಾಗಿ ಆರು ತಿಂಗಳು ಜೈಲಿನಲ್ಲಿದ್ದ ದಾಖಲೆ ತೋರಿಸಬೇಕಿತ್ತು. ಕ್ರಿಮಿನಲ್ ರೆಕಾರ್ಡ್ ಇಲ್ಲ ಅಂತ ಅರ್ಜಿ ತಿರಸ್ಕಾರ ಆಗುತ್ತಿದ್ದ ಯೋಜನೆ ಅದು. ಮೂರು ತಿಂಗಳಿಗೇ ಬಿಟ್ಟು ಕಳಿಸಿದ ಜೈಲರ್‌ಗೆ ಎಷ್ಟು ಅಜ್ಜಂದಿರು ಶಾಪ ಹಾಕಿರಬಹುದು!

ಎಲ್ಲಿಗೋ ಹೋದೆ. ಬೇಲೆಕೇರಿಗೆ ಬರೋಣ. ಪ್ಲಂಬರನ ಮನೆಯಿಂದ ದೂರವೇನಿಲ್ಲ.

2010ರಲ್ಲಿ ಬೇಲೆಕೇರಿ ಬಂದರಿನಲ್ಲಿ ಲಕ್ಷಗಟ್ಟಲೆ ಟನ್ ಕಬ್ಬಿಣದ ಅದಿರು ಜಪ್ತಾಗಿತ್ತು. ಅದೂ ಕೇಸಿನ ಮಾಲೇ, 52 ಎಲೆಗಳ ಹಾಗೆ. ಬಳ್ಳಾರಿ ಕಡೆಯಿಂದ ಅರಬೈಲ್ ಘಟ್ಟ ಇಳಿದು ಬಂದ ಅದಿರು. ಆ ದಿನಗಳಲ್ಲಿ ರಸ್ತೆ ಬದಿಯ ಗಿಡ, ಒಣಗಲು ಹಾಕಿದ ಬಟ್ಟೆ, ಹೋಟೆಲಿನ ಇಡ್ಲಿ ಎಲ್ಲ ಒಂದೇ ಕೆಂಪು. ಜಪ್ತಾದ ಅದಿರು ಒಂದು ದಿನ ನೋಡಿದರೆ ಇಲ್ಲ. ಹಡಗು ಹತ್ತಿ ಹೋಗಿದೆ, ಚೀನಾಕ್ಕೆ. ಲಾರಿಗೆ 20 ಟನ್ ಅಂದರೂ ಒಂದು ಲಕ್ಷ ಟನ್ನಿಗೆ 5000 ಲೋಡು ಬೇಕು. ಯಾರ ಕಣ್ಣಿಗೂ ಬೀಳಲಿಲ್ಲ. ಗೇರುಹಕ್ಕಲಿನ ಹತ್ತಿರ ಟಾರ್ಚ್ ಬೆಳಕು ಕಂಡಿತ್ತು ನೋಡಿ, ಅದು ಬೇರೆ ವಿಷಯ.

ಭಲೇ ಅದಿರೇ! ಮೈಮೇಲೆ ಕೇಸು, ಸರ್ಕಾರದ ವಶ, ಆದರೂ ಸಮುದ್ರ ದಾಟಿದೆ. ನಿನಗೆ ಪಿಸಿಸಿ ಕೇಳಲಿಲ್ಲ. ಠಾಣೆಯಿಂದ ವಿಚಾರಣೆಗೆ ಯಾರೂ ಮನೆಗೆ ಬರಲಿಲ್ಲ, ಬಂದವರಿಗೆ ಚಹಾ ಕುಡಿಸುವ ಖರ್ಚೂ ಇಲ್ಲ. ತಡೆಯಲು ಹೋದ ಅರಣ್ಯ ಅಧಿಕಾರಿಯನ್ನು ಅಮಾನತು ಮಾಡಲು ಹೊರಟರು. ಲೋಕಾಯುಕ್ತ ಸಂತೋಷ ಹೆಗ್ಡೆಯವರು ಆ ಜೂನ್‌ನಲ್ಲಿ ರಾಜೀನಾಮೆ ಬಿಸಾಕಿದರು, ಆಮೇಲೆ ಹಿಂದಕ್ಕೆ ಪಡೆದರು. ಅದಿರು ಹಿಂದಕ್ಕೆ ಬರಲಿಲ್ಲ. 2024ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಕೋರ್ಟು ಏಳು ವರ್ಷ ಶಿಕ್ಷೆ ಕೊಟ್ಟಿತು. ಯಾರಿಗೆ ಅಂತ ಕಾರವಾರದಲ್ಲಿ ಹೇಳಬೇಕಾಗಿಲ್ಲ; ಹೊರಗಿನವರಿಗೆ ಹೇಳುವುದಾದರೆ, ಅಲ್ಲಿಯ ಶಾಸಕರಿಗೆ. ನವೆಂಬರ್‌ನಲ್ಲಿ ಹೈಕೋರ್ಟು ಆ ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು. ಮೇಲ್ಮನವಿ ಇರುವಾಗ ಜಾಸ್ತಿ ಮಾತಾಡಬಾರದು.

ಅದೇ ಅಕ್ಟೋಬರ್‌ನಲ್ಲಿ ನಮ್ಮ ಸರ್ಕಾರ 43 ಕ್ರಿಮಿನಲ್ ಕೇಸುಗಳನ್ನು ವಾಪಸ್ ಪಡೆಯಲು ತೀರ್ಮಾನಿಸಿತು. ಹುಬ್ಬಳ್ಳಿಯ ಪೊಲೀಸ್ ಠಾಣೆಯ ಗಲಭೆಯೂ ಅದರಲ್ಲಿತ್ತು. ಹಿಂದಿನವರು ಕಡಿಮೆಯೇನಲ್ಲ, 2020ರಲ್ಲಿ ಅವರೂ 61 ಕೇಸು ಕೈಬಿಡಲು ಹೊರಟಿದ್ದರು. ಶಾಸಕರ, ಸಂಸದರ ಕೇಸನ್ನು ಹೈಕೋರ್ಟಿಗೆ ಕೇಳದೆ ಕೈಬಿಡಬೇಡಿ ಅಂತ 2021ರಲ್ಲಿ ಸುಪ್ರೀಂ ಕೋರ್ಟೇ ಹೇಳಬೇಕಾಯಿತು. ಅಂದರೆ ಈ ದೇಶದಲ್ಲಿ ಕ್ಷಮೆಗೆ ಏನೂ ಬರಗಾಲ ಇಲ್ಲ. ಕಲ್ಲು ತೂರಿದವರಿಗೆ ಇದೆ, ಬಸ್ಸು ಸುಟ್ಟವರಿಗೆ ಇದೆ. ಗುಂಪಿನಲ್ಲಿ ಬರಬೇಕು, ಬಾವುಟ ಹಿಡಿದಿರಬೇಕು. ಒಬ್ಬನೇ ಬಂದು ತಪ್ಪು ಒಪ್ಪಿಕೊಂಡು, ಕೇಳಿದಷ್ಟು ದಂಡ ಕಟ್ಟಿ, ಆಮೇಲೆ ಜೀವಮಾನವಿಡೀ ಊರವರ ನಲ್ಲಿ ರಿಪೇರಿ ಮಾಡಿಕೊಂಡಿದ್ದವನನ್ನು ಮಾತ್ರ ಯಾವ ಸಂಪುಟವೂ ನೆನಪಿಸಿಕೊಳ್ಳುವುದಿಲ್ಲ. ಇದನ್ನು ಬರೆಯುವಾಗ ನಗು ಬರಬೇಕು. ಬರ್ತಾ ಇಲ್ಲ. ಅವನು ಏಜೆಂಟನಿಗೆ ಕೊಟ್ಟ ದುಡ್ಡು ಹೆಂಡತಿಯ ಬಳೆ ಅಡವಿಟ್ಟು ತಂದದ್ದು.

43ರ ಆ ಪಟ್ಟಿಯನ್ನು 2025ರ ಮೇ ತಿಂಗಳಲ್ಲಿ ಹೈಕೋರ್ಟು ರದ್ದು ಮಾಡಿತು. ಇರಲಿ, ಮುಂದಿನ ಪಟ್ಟಿ ಆಗಿಯೇ ಆಗುತ್ತದೆ, ಯಾವ ಸರ್ಕಾರ ಬಂದರೂ. ಅದರ ಕೊನೆಗೆ ಇವನದೂ ಒಂದು ಸೇರಲಿ ಅಂತ ಅರ್ಜಿ ಬರೆದುಕೊಡಲು ನಾನು ತಯಾರು. ಯಾವ ಪಕ್ಷದ ಕಾರ್ಯಕರ್ತ ಅಂತ ಕೇಳಿದರೆ ಏನು ಬರೆಯೋದು ಅನ್ನುವುದೊಂದೇ ಈಗ ಚಿಂತೆ.